ತೊಗರಿ ರಾಶಿಯ ಹೊತ್ತಿಗೆ ಸೆಮಿಸ್ಟರ್ ಕೊನೆ: ಕಲಬುರಗಿ ಭಾಗದ ಪದವಿ ವಿದ್ಯಾರ್ಥಿಯ ಹೊರೆ ಎಲ್ಲಿಂದ ಬಂತು?

ಡಿಸೆಂಬರ್ ಎರಡನೇ ವಾರದ ಒಂದು ಸಂಜೆ. ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ನಮ್ಮ ಕಾಲೇಜಿನ ಬಿಎಸ್‌ಸಿ ಮೂರನೇ ಸೆಮಿಸ್ಟರ್ ಹುಡುಗನೊಬ್ಬ ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದ. ಊರಿನಿಂದ ರೊಟ್ಟಿ ಗಂಟು ಬರಬೇಕಿತ್ತು. ನಗರದಲ್ಲಿ ರೂಮ್ ಮಾಡಿಕೊಂಡು ಓದುವ ನಮ್ಮ ಭಾಗದ ಹುಡುಗರಿಗೆಲ್ಲ ಈ ಏರ್ಪಾಡು ಗೊತ್ತು. ವಾರಕ್ಕೆ ಎರಡು ಸಲ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಜೊತೆಗಿಟ್ಟು, ಪರಿಚಯದ ಕಂಡಕ್ಟರ್ ಕೈಗೆ ಕೊಡುತ್ತಾರೆ. ಅಂದು ಬಸ್ ಬಂತು, ಗಂಟು ಬರಲಿಲ್ಲ. ತೊಗರಿ ಕೊಯ್ಲು ಶುರುವಾಗಿತ್ತು. ಅವನ ಅವ್ವ ನಸುಕಿನಲ್ಲೇ ಹೊಲಕ್ಕೆ ಹೋದವರು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ಹುಡುಗನ ಕಂಕುಳಲ್ಲಿ ಪ್ರಯೋಗಾಲಯದ ಕೆಲಸ ಬರೆದಿಡುವ ಎರಡು ರೆಕಾರ್ಡ್ ಪುಸ್ತಕಗಳಿದ್ದವು. "ನಾಳೆ ಊರಿಗೆ ಹೋಗುತ್ತೇನೆ ಸರ್, ಮೂರು ದಿನ ಕೊಯ್ಲಿಗೆ ಆಳು ಸಿಗುತ್ತಿಲ್ಲವಂತೆ. ಮಂಗಳವಾರ ಬಂದು ಎಲ್ಲ ಅಸೈನ್‌ಮೆಂಟ್ ಕೊಡುತ್ತೇನೆ" ಎಂದ. ಮಂಗಳವಾರ ಅವನು ಕೊಡಬೇಕಾಗಿದ್ದು ಐದು. ಅವುಗಳಲ್ಲಿ ಒಂದು ನನ್ನ ವಿಷಯದ್ದು.

ಸೆಮಿಸ್ಟರ್ ಕೊನೆ ಬಂತೆಂದರೆ ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ವರ್ಷಪೂರ್ತಿ ಮೊಬೈಲ್ ನೋಡುತ್ತಾರೆ, ಕೊನೆಗೆ ಅಳುತ್ತಾರೆ." ಮೊಬೈಲ್ ನೋಡುವುದು ಸುಳ್ಳಲ್ಲ. ಆದರೆ ರಸಾಯನಶಾಸ್ತ್ರ ಪಾಠ ಮಾಡುತ್ತ ಇಷ್ಟು ವರ್ಷ ಕಂಡದ್ದರಿಂದ ಹೇಳುತ್ತಿದ್ದೇನೆ, ಕಲಬುರಗಿ, ಬೀದರ್, ಯಾದಗಿರಿಯ ಪದವಿ ವಿದ್ಯಾರ್ಥಿಯ ಕೊನೆಯ ಮೂರು ವಾರದ ಹೊರೆಯಲ್ಲಿ ದೊಡ್ಡ ಪಾಲು ಅವನು ಮುಂದೂಡಿದ್ದಲ್ಲ. ನಾವು ಮುಂದೂಡಿದ್ದು. ಕಾಲೇಜು, ವಿಶ್ವವಿದ್ಯಾಲಯ, ಇಲಾಖೆ ಮೂರೂ ಸೆಮಿಸ್ಟರಿನ ಮೊದಲ ತಿಂಗಳುಗಳಲ್ಲಿ ಮಾಡದೇ ಬಿಟ್ಟ ಕೆಲಸ ಕೊನೆಗೆ ಅವನ ಹೆಗಲಿಗೆ ಬರುತ್ತದೆ.

ಮೊದಲು ಲೆಕ್ಕ ನೋಡೋಣ. ಸೆಮಿಸ್ಟರ್ ಪದ್ಧತಿಯ ತಳಪಾಯವೇ ಕ್ರೆಡಿಟ್. ವಾರಕ್ಕೆ ಒಂದು ಗಂಟೆಯಂತೆ ಇಡೀ ಸೆಮಿಸ್ಟರ್ ಪಾಠ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯವಾದರೆ ವಾರಕ್ಕೆ ಎರಡು ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪ್ರಕಾರ ಸೆಮಿಸ್ಟರಿಗೆ ಕನಿಷ್ಠ 90 ಬೋಧನಾ ದಿನಗಳು ಬೇಕು. ಅಂದರೆ ಸುಮಾರು ಹದಿನೈದು, ಹದಿನಾರು ವಾರ. ಕಲಿಕೆ ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗಲಿ, ಆಂತರಿಕ ಮೌಲ್ಯಮಾಪನವೂ ಹಾಗೆಯೇ ಹರಡಿಕೊಳ್ಳಲಿ, ವರ್ಷಕ್ಕೊಂದೇ ಪರೀಕ್ಷೆಯ ಭಯ ತಪ್ಪಲಿ ಎಂಬುದು ಅದರ ಆಶಯ.

ನಮ್ಮ ಕಾಲೇಜಿನ ಬಿಎಸ್‌ಸಿ ವಿದ್ಯಾರ್ಥಿಗೆ ಮೂರು ಮುಖ್ಯ ವಿಷಯ, ಅವುಗಳ ಮೂರು ಪ್ರಯೋಗಾಲಯ, ಎರಡು ಭಾಷೆ, ಒಂದು ಕಡ್ಡಾಯ ಪತ್ರಿಕೆ. ಬರೆಯುವ ಪತ್ರಿಕೆಗಳು ಆರು. ಪ್ರತಿಯೊಂದಕ್ಕೂ ಎರಡು ಕಿರುಪರೀಕ್ಷೆ, ಒಂದು ಅಸೈನ್‌ಮೆಂಟ್. ಕೊನೆಯ ಮೂರು ವಾರಕ್ಕೆ ಬೀಳುವುದು ಆರು ಕಿರುಪರೀಕ್ಷೆ, ಆರು ಅಸೈನ್‌ಮೆಂಟ್, ಮೂರು ರೆಕಾರ್ಡ್, ಮೂರು ಪ್ರಾಯೋಗಿಕ ಪರೀಕ್ಷೆ. ಹದಿನೆಂಟು ಕೆಲಸದ ದಿನಗಳಲ್ಲಿ ಹದಿನೆಂಟು ಕೆಲಸ. ಮೊದಲ ಕಿರುಪರೀಕ್ಷೆಗಳೂ ಹಿಂದೆ ಬಿದ್ದಿದ್ದರೆ ಇನ್ನೂ ಆರು ಸೇರುತ್ತವೆ. ಇದರ ಮೇಲೆ ಪರೀಕ್ಷಾ ಶುಲ್ಕ ಕಟ್ಟುವ ಸಾಲು, ಆನ್‌ಲೈನ್ ಅರ್ಜಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ಅದನ್ನು ತಿದ್ದಿಸುವ ಓಡಾಟ, ಹಾಜರಾತಿ ಶೇ 75 ಮುಟ್ಟದಿದ್ದರೆ ಮುಚ್ಚಳಿಕೆ, ಹಾಲ್ ಟಿಕೆಟ್. ಓದುವುದು ಇದೆಲ್ಲದರ ನಂತರ.

ಕೆಲಸದ ಪ್ರಮಾಣ ಹದಿನಾರು ವಾರಕ್ಕೆ ಹೆಚ್ಚೇನಲ್ಲ. ಮೂರು ವಾರಕ್ಕೆ ಅದು ಅಸಾಧ್ಯ. ಹಾಗಾದರೆ ಉಳಿದ ಹದಿಮೂರು ವಾರ ಎಲ್ಲಿ ಹೋದವು?

ಒಂದಿಷ್ಟು ಪ್ರವೇಶದಲ್ಲಿ ಹೋಗುತ್ತವೆ. 2024ರಲ್ಲಿ ದ್ವಿತೀಯ ಪಿಯು ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂತು. ಒಳ್ಳೆಯದೇ ಆಯಿತು, ಒಂದು ವಿಷಯದಲ್ಲಿ ಎಡವಿದ ಹುಡುಗಿಯ ವರ್ಷ ಉಳಿಯಿತು. ಆದರೆ ಕೊನೆಯ ಪರೀಕ್ಷೆಯಲ್ಲಿ ಪಾಸಾಗಿ ಬರುವವರಿಗಾಗಿ ಪದವಿ ಪ್ರವೇಶದ ಗಡುವು ಮುಂದೆ ಹೋಗುತ್ತದೆ, ತಡವಾಗಿ ಸೇರಿದವರಿಗೆ ಮೊದಲ ಘಟಕದ ಪಾಠ ಸಿಗುವುದೇ ಇಲ್ಲ. ಅವರಿಗಾಗಿ ಪಠ್ಯವನ್ನು ಮರಳಿ ಮಾಡಲು ವೇಳಾಪಟ್ಟಿಯಲ್ಲಿ ಜಾಗವಿಲ್ಲ.

ಇನ್ನೂ ಹೆಚ್ಚಿನ ದಿನಗಳು ಪಾಠ ಮಾಡುವವರು ಬರುವುದಕ್ಕೆ ಕಾಯುವುದರಲ್ಲಿ ಹೋಗುತ್ತವೆ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ತರಗತಿಗಳನ್ನು ಹೊತ್ತು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಕೆಲವು ವಿಭಾಗಗಳು ಪೂರ್ತಿ ಅವರ ಮೇಲೆಯೇ ನಿಂತಿವೆ. ಅವರ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ. ವರ್ಷ ಮುಗಿದರೆ ಸೇವೆಯೂ ಮುಗಿಯಿತು; ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಆದೇಶಕ್ಕೆ ಕಾಯುವುದು. ತರಗತಿ ಆರಂಭವಾದ ದಿನ ಮಕ್ಕಳು ಬೆಂಚಿನಲ್ಲಿ ಕೂತಿರುತ್ತಾರೆ, ಕಪ್ಪುಹಲಗೆಯ ಮುಂದೆ ಯಾರೂ ಇರುವುದಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಸೇವೆ ಕಾಯಂ ಮಾಡಬೇಕೆಂದು ಒತ್ತಾಯಿಸಿ ಅತಿಥಿ ಉಪನ್ಯಾಸಕರು ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದಾಗ, ಈ ವ್ಯವಸ್ಥೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಕಂಡಿತು. ಅವರ ಬೇಡಿಕೆ ನ್ಯಾಯವಾದದ್ದು. ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು ಪ್ರತಿ ವರ್ಷವೂ ಹೊಸಬರಂತೆ ಅರ್ಜಿ ಹಾಕಿಸುವುದು ಅವರಿಗೆ ಮಾಡುವ ಅನ್ಯಾಯ ಮಾತ್ರವಲ್ಲ; ಅದರ ಬಡ್ಡಿಯನ್ನು ಕಟ್ಟುವವರು ವಿದ್ಯಾರ್ಥಿಗಳು. ಸೆಪ್ಟೆಂಬರಿನಲ್ಲಿ ಬಂದ ಉಪನ್ಯಾಸಕರು ಆಗಸ್ಟಿನ ಪಾಠವನ್ನೂ ಮುಗಿಸಬೇಕು. ಹಾಗಾಗಿ ಕಿರುಪರೀಕ್ಷೆ ಅಕ್ಟೋಬರಿನಿಂದ ನವೆಂಬರಿಗೆ, ಅಸೈನ್‌ಮೆಂಟ್ ನವೆಂಬರಿನಿಂದ ಡಿಸೆಂಬರಿಗೆ ಜಾರುತ್ತದೆ. ಎಲ್ಲರದ್ದೂ ಜಾರಿ ಒಂದೇ ಕಡೆ ಬಂದು ನಿಲ್ಲುತ್ತದೆ.

ಇದರ ನಡುವೆ ಪದ್ಧತಿಯೇ ಎರಡು ಸಲ ಬದಲಾಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಯಲ್ಲಿ ಮೊದಲಿಗೆ ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್, ಮುಕ್ತ ಆಯ್ಕೆಯ ಪತ್ರಿಕೆ, ಡಿಜಿಟಲ್ ಫ್ಲೂಯೆನ್ಸಿಯಂಥ ಕೌಶಲ ಪತ್ರಿಕೆ ಬಂದವು. ಆಂತರಿಕ ಅಂಕ 40, ಸೆಮಿಸ್ಟರ್ ಪರೀಕ್ಷೆಗೆ 60. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆಂತರಿಕ ಅಂಕ 20ಕ್ಕೆ ಇಳಿಯಿತು, ಪರೀಕ್ಷೆ 80ಕ್ಕೆ ಏರಿತು. ಒಂದೇ ಕಾಲೇಜಿನಲ್ಲಿ ಹಿರಿಯರಿಗೆ ಒಂದು ಪಠ್ಯಕ್ರಮ, ಕಿರಿಯರಿಗೆ ಇನ್ನೊಂದು ಎಂದಾಯಿತು. ಅಣ್ಣನ ಟಿಪ್ಪಣಿ ತಂಗಿಗೆ ಬರಲಿಲ್ಲ, ಹಳೆಯ ಪ್ರಶ್ನೆಪತ್ರಿಕೆ ನೋಡಿ ಓದುವ ಹಾಗಿರಲಿಲ್ಲ. ಬಡ ಮನೆಯ ವಿದ್ಯಾರ್ಥಿಗೆ ಸೀನಿಯರ್ ಕೊಟ್ಟ ಪುಸ್ತಕವೇ ಗ್ರಂಥಾಲಯ. ಆ ಆಸರೆಯೂ ತಪ್ಪಿತು.

ಅಂಕ ಹಂಚಿಕೆಯ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ. 40 ಅಂಕವನ್ನು ಆಂತರಿಕವಾಗಿ ಇಟ್ಟದ್ದು ತಪ್ಪಾಗಿರಲಿಲ್ಲ. ಅದನ್ನು ಹದಿನಾರು ವಾರಕ್ಕೆ ಹರಡದೆ ಕೊನೆಗೆ ರಾಶಿ ಹಾಕಿದ್ದು ತಪ್ಪು. ಹೊರೆ ಹೆಚ್ಚಾಯಿತೆಂದು 20ಕ್ಕೆ ಇಳಿಸಿದಾಗ ಬರೆಯುವ ಕಾಗದ ಕಡಿಮೆಯಾಗಲಿಲ್ಲ. ಅದೇ ಅಸೈನ್‌ಮೆಂಟ್, ಅದೇ ಕಿರುಪರೀಕ್ಷೆ, ಅರ್ಧ ಅಂಕ. ಜೊತೆಗೆ ಪರೀಕ್ಷೆಯ ಆ ಕೆಲವು ಗಂಟೆಗಳ ತೂಕ ಹೆಚ್ಚಾಯಿತು. ಅಂದು ಜ್ವರ ಬಂದರೆ, ಬಸ್ ಕೆಟ್ಟರೆ, ಹಿಂದಿನ ರಾತ್ರಿ ಹೊಲದಲ್ಲಿ ರಾಶಿ ಕಾಯಬೇಕಾದರೆ ಕಳೆದುಕೊಳ್ಳುವುದೂ ಹೆಚ್ಚಾಯಿತು.

ರೆಕಾರ್ಡ್ ಬರೆಯುವುದನ್ನು ಹತ್ತಿರದಿಂದ ನೋಡಿದರೆ ಈ ಜಾರುವಿಕೆ ಏನು ಮಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ, ಕೋಷ್ಟಕ, ಲೆಕ್ಕ. ಬಲಗಡೆಯ ಗೆರೆ ಹಾಳೆಯಲ್ಲಿ ಪೆನ್ನಿನಿಂದ ಉದ್ದೇಶ, ತತ್ವ, ವಿಧಾನ, ಫಲಿತಾಂಶ. ಒಂದು ಪ್ರಯೋಗಕ್ಕೆ ಮೂರು ನಾಲ್ಕು ಪುಟ. ಹತ್ತು ಪ್ರಯೋಗ, ಮೂರು ವಿಷಯ ಎಂದರೆ ನೂರು ಪುಟದ ಹತ್ತಿರ. ಪ್ರಯೋಗ ಮಾಡಿದ ದಿನವೇ ಬರೆಯುವ ಹುಡುಗಿ ಬ್ಯೂರೆಟ್ ಎಂಬ ಅಳತೆಯ ಗಾಜಿನ ನಳಿಕೆಯಿಂದ ಕೊನೆಯ ಹನಿ ಬಿಟ್ಟಾಗ ದ್ರಾವಣ ತಿಳಿಗುಲಾಬಿಗೆ ತಿರುಗಿದ ಕ್ಷಣವನ್ನು ನೆನಪಿನಲ್ಲಿಟ್ಟು ಬರೆಯುತ್ತಾಳೆ. ಅವಳ ಕೋಷ್ಟಕದಲ್ಲಿ ಮೂರು ಸಲದ ಅಳತೆ 12.4, 12.6, 12.4 ಎಂದಿರುತ್ತದೆ. "ಎರಡನೆಯದು ಏಕೆ ಹೆಚ್ಚು ಬಂತು ಸರ್?" ಎಂದು ಕೇಳುತ್ತಾಳೆ. ಆ ಪ್ರಶ್ನೆಯೇ ರಸಾಯನಶಾಸ್ತ್ರ. ಅದೇ ರೆಕಾರ್ಡನ್ನು ಡಿಸೆಂಬರಿನಲ್ಲಿ ಒಂದೇ ರಾತ್ರಿ ಕೂತು ಬರೆದವರ ಕೋಷ್ಟಕದಲ್ಲಿ ಮೂರು ಸಾಲಿನಲ್ಲೂ 12.4. ಇಡೀ ಬ್ಯಾಚಿನದ್ದು ಒಂದೇ ಅಳತೆ. ಸಹಿ ಹಾಕುವಾಗ ನನಗೂ ಗೊತ್ತು, ಅವರಿಗೂ ಗೊತ್ತು, ಅಲ್ಲಿ ಕಲಿಕೆ ನಡೆದಿಲ್ಲ, ನಕಲು ನಡೆದಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷಿನಲ್ಲಿ ತತ್ವ ಬರೆಯಬೇಕಾದವರಿಗೆ ಒಂದೊಂದು ವಾಕ್ಯವೂ ಎರಡು ಪಟ್ಟು ಹೊತ್ತು ಬೇಡುತ್ತದೆ. ಗಡಿಯ ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ, ಉರ್ದು ಮಾಧ್ಯಮದಿಂದ ಬಂದವರ ಪಾಡೂ ಇದೇ. ಆ ಹೊತ್ತು ಇಲ್ಲದಾಗ ನಕಲೊಂದೇ ದಾರಿ. ಅವರನ್ನು ದೂರುವ ಮನಸ್ಸು ನನಗಿಲ್ಲ.

ಇನ್ನು ಹೊಲದ ಮಾತು. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಯಾದಗಿರಿಯ ಕಡೆ ಅದೇ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ. ಬೆಸ ಸೆಮಿಸ್ಟರಿನ ಕೊನೆಯ ವಾರಗಳು ಬಹುಪಾಲು ಇದರ ಮೇಲೆಯೇ ಬಂದು ಬೀಳುತ್ತವೆ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೆಚ್ಚು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಅಜ್ಜಿ ಮತ್ತು ಓದುವ ಮಗಳು ಮಾತ್ರ ಉಳಿದಿರುತ್ತಾರೆ. ಕುಡುಗೋಲು ಯಾರ ಕೈಗೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇದೇ ದಿನಗಳಲ್ಲಿ ಎಳ್ಳು ಅಮಾವಾಸ್ಯೆಯೂ ಬರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಇಡೀ ಮನೆ ಬಂಡಿಯಲ್ಲೋ ಟಂಟಂನಲ್ಲೋ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಬೆಳೆಗೆ ನೈವೇದ್ಯ ಎರಚುವ ಹಬ್ಬ. ನಮ್ಮ ಭಾಗದಲ್ಲಿ ದೀಪಾವಳಿಗಿಂತ ಇದಕ್ಕೇ ಊರು ತುಂಬುತ್ತದೆ. ಅದರ ಮರುದಿನ ಮೂರು ಕಿರುಪರೀಕ್ಷೆ ಇಟ್ಟು, ಗೈರಾದವರನ್ನು ಬೇಜವಾಬ್ದಾರಿಗಳು ಎನ್ನುವುದು ಸರಿಯಲ್ಲ. ವೇಳಾಪಟ್ಟಿ ಮಾಡುವವರು ಪಂಚಾಂಗವನ್ನೂ ಹೊಲವನ್ನೂ ಒಮ್ಮೆ ನೋಡಬೇಕು.

ಸಮ ಸೆಮಿಸ್ಟರಿನ ಕಷ್ಟ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ, ಏಕೆಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಸಿಲುಕುವ ಪರೀಕ್ಷೆಯನ್ನು ಮಧ್ಯಾಹ್ನದ ಪಾಳಿಯಲ್ಲಿ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದಾರಿಯ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಆಳಂದ, ಚಿತ್ತಾಪುರ, ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್; ಚಿಂಚೋಳಿ ಅದರ ಎರಡು ಪಟ್ಟು. ಹಳ್ಳಿಯಿಂದ ಮುಖ್ಯ ರಸ್ತೆಗೆ ಬರುವುದೂ ಸೇರಿ ದಿನಕ್ಕೆ ಮೂರು ಗಂಟೆ ಎಂದುಕೊಂಡರೂ ಕೊನೆಯ ಹದಿನೆಂಟು ದಿನಗಳಲ್ಲಿ 54 ಗಂಟೆ ಬಸ್ಸಿನಲ್ಲಿ ಕಳೆದುಹೋಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ನಮ್ಮ ಕಾಲೇಜಿನ ಹೆಣ್ಣುಮಕ್ಕಳಲ್ಲಿ ಕಂಡ ಬದಲಾವಣೆ ಸಣ್ಣದಲ್ಲ. ಮನೆಯಲ್ಲಿ ಬಸ್ ಚಾರ್ಜಿಗೆ ಕೈಚಾಚಬೇಕಾಗಿಲ್ಲದ್ದರಿಂದ ಕಾಲೇಜಿಗೆ ಬರುವುದೇ ಹೆಚ್ಚಾಯಿತು. ಆದರೆ ಬಸ್ಸುಗಳು ಅಷ್ಟೇ, ಜನ ಹೆಚ್ಚು. ಮೊದಲು ಕೂತು ಎರಡು ಪುಟ ಓದುತ್ತಿದ್ದವರು ಈಗ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗ್ ಹಿಡಿದು ನಿಂತು ಬರುತ್ತಾರೆ. ಕೊನೆಯ ಬಸ್ ತಪ್ಪಬಾರದೆಂದು ನಾಲ್ಕು ಗಂಟೆಗೇ ಹೊರಡುತ್ತಾರೆ. ಕಾಲೇಜಿನ ವಾಚನಾಲಯ ಐದಕ್ಕೆ ಮುಚ್ಚಿದರೂ ಆರಕ್ಕೆ ಮುಚ್ಚಿದರೂ ಅವರಿಗೆ ಒಂದೇ.

ವಸತಿ ನಿಲಯದಲ್ಲಿ ಸೀಟು ಸಿಕ್ಕವರು ಅದೃಷ್ಟವಂತರು. ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಮಾಸಿಕ ನೆರವಿದೆ. ಅದರಲ್ಲಿ ರೂಮಿನ ಬಾಡಿಗೆಯೂ ಊಟವೂ ಆಗಬೇಕು. ಆಗದೇ ಇದ್ದಾಗ ರಾತ್ರಿ ಪಾಳಿಗೆ ಪೆಟ್ರೋಲ್ ಬಂಕಿಗೆ ಹೋಗುವ, ಸಂಜೆ ಮೊಬೈಲ್ ಅಂಗಡಿಯಲ್ಲಿ ನಿಲ್ಲುವ ಹುಡುಗರು ನನ್ನ ತರಗತಿಯಲ್ಲೇ ಇದ್ದಾರೆ. ಮೊದಲ ಪಾಠದಲ್ಲಿ ತೂಕಡಿಸುವವರನ್ನು ನಾನು ಈಗ ಎಬ್ಬಿಸಿ ನಿಲ್ಲಿಸುವುದಿಲ್ಲ.

ಕಾಲೇಜು ಜೀವನದ ಸಂತೋಷಗಳೂ ಇದೇ ಮೂರು ವಾರಕ್ಕೆ ಬಂದು ಸೇರುವುದು ನನ್ನನ್ನು ಹೆಚ್ಚು ನೋಯಿಸುತ್ತದೆ. ಏಳು ದಿನದ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶಿಬಿರ, ಕ್ರೀಡಾಕೂಟ, ಸಾಂಸ್ಕೃತಿಕ ಸ್ಪರ್ಧೆ, ಎಲ್ಲಕ್ಕೂ ವರದಿ ಕೊಡಬೇಕಾದ ಗಡುವು ಬಂದಾಗಲೇ ದಿನ ನಿಗದಿಯಾಗುತ್ತದೆ. ಕಬಡ್ಡಿಯಲ್ಲಿ ವಿಶ್ವವಿದ್ಯಾಲಯ ಮಟ್ಟಕ್ಕೆ ಆಡಬಲ್ಲ ಹುಡುಗಿ ರೆಕಾರ್ಡಿಗಾಗಿ ಅಂಗಣ ಬಿಡುತ್ತಾಳೆ. ಮನೆಯಲ್ಲಿ ಮೊದಲ ಸಲ ಪದವಿ ಮೆಟ್ಟಿಲು ಹತ್ತಿದವರಿಗೆ ಕಾಲೇಜೆಂದರೆ ಅಂಕಪಟ್ಟಿಯಷ್ಟೇ ಆಗಬಾರದು. ವೇದಿಕೆ ಮೇಲೆ ನಿಂತು ನಾಲ್ಕು ಮಾತು ಆಡುವ ಧೈರ್ಯ, ಬೇರೆ ಊರಿನ ಗೆಳತಿ, ಗ್ರಂಥಾಲಯದಲ್ಲಿ ಪಠ್ಯದಾಚೆಯ ಒಂದು ಪುಸ್ತಕ ಇವೆಲ್ಲ ಸಿಗುವ ಜಾಗ ಅವರಿಗೆ ಬೇರೆಲ್ಲೂ ಇಲ್ಲ.

ಓದಲು ಹೊತ್ತಿಲ್ಲದವರ ಮುಂದೆ ಜೆರಾಕ್ಸ್ ಅಂಗಡಿ ಬಾಗಿಲು ತೆರೆದಿರುತ್ತದೆ. ಪರೀಕ್ಷೆಯ ಹಿಂದಿನ ದಿನ 'ಪಕ್ಕಾ ಬರುವ ಪ್ರಶ್ನೆ'ಗಳ ಹಾಳೆಗಳು ಕಟ್ಟುಕಟ್ಟಾಗಿ ಹೋಗುತ್ತವೆ. ಅದರಲ್ಲಿ ಬಂದರೆ ಪಾಸು, ಬಾರದಿದ್ದರೆ ಬ್ಯಾಕ್‌ಲಾಗ್. ಬ್ಯಾಕ್‌ಲಾಗ್ ಉಳಿದರೆ ಮುಂದಿನ ಸಲ ಆರು ಪತ್ರಿಕೆಯ ಜೊತೆ ಏಳನೆಯದು, ಎಂಟನೆಯದು. ಒಂದು ಸೆಮಿಸ್ಟರಿನ ಒತ್ತಡ ಹೀಗೆ ಮುಂದಿನದಕ್ಕೆ ಸಾಲವಾಗಿ ದಾಟುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದವರಿಗೆ ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಮೀಸಲಾಗಿದೆ, ಉದ್ಯೋಗದಲ್ಲೂ ಪಾಲಿದೆ. 1980ರಲ್ಲಿ ಒಂದೇ ಗುಲಬರ್ಗಾ ವಿಶ್ವವಿದ್ಯಾಲಯವಿದ್ದ ಜಾಗದಲ್ಲಿ ಈಗ ರಾಯಚೂರಿಗೆ, ಬೀದರಿಗೆ ತಮ್ಮದೇ ವಿಶ್ವವಿದ್ಯಾಲಯಗಳಿವೆ. ಬಾಗಿಲು ದೊಡ್ಡದಾಗಿದೆ. ಒಳಗೆ ಬಂದವರು ಆರು ಸೆಮಿಸ್ಟರ್ ದಾಟಿ ಪದವಿಯೊಂದಿಗೆ ಹೊರಗೆ ಹೋಗದಿದ್ದರೆ ಮೀಸಲಿಟ್ಟ ಹುದ್ದೆಗೆ ಅರ್ಜಿ ಹಾಕುವವರು ಯಾರು?

ಸರಿಪಡಿಸಲು ದೊಡ್ಡ ಹಣವೇನೂ ಬೇಡ. ಅತಿಥಿ ಉಪನ್ಯಾಸಕರ ನೇಮಕ ತರಗತಿ ಆರಂಭಕ್ಕೆ ಮೊದಲೇ ಮುಗಿಯಬೇಕು. ಉಳಿದದ್ದರಲ್ಲಿ ಅರ್ಧ ತಾನಾಗಿಯೇ ಸರಿಹೋಗುತ್ತದೆ. ಪರೀಕ್ಷೆಯ ದಿನಾಂಕ ಸೆಮಿಸ್ಟರ್ ಶುರುವಾದಾಗಲೇ ಗೊತ್ತಾದರೆ ಕೊಯ್ಲಿಗೆ ಯಾವ ದಿನ ಹೋಗಬಹುದೆಂದು ಮನೆಯವರೂ ಲೆಕ್ಕ ಹಾಕುತ್ತಾರೆ. ಕಾಲೇಜಿನ ಮಟ್ಟದಲ್ಲಿ ಇನ್ನೂ ಸುಲಭ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ಕೊಠಡಿಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆವು: ಯಾವ ವಿಷಯದ ಕಿರುಪರೀಕ್ಷೆ ಯಾವ ವಾರ, ಯಾರ ಅಸೈನ್‌ಮೆಂಟ್ ಯಾವಾಗ. ಆರು ಜನ ಒಟ್ಟಿಗೆ ನಿಂತು ನೋಡಿದಾಗಲೇ ಐವರ ಗಡುವು ಒಂದೇ ಮಂಗಳವಾರಕ್ಕೆ ಇರುವುದು ಕಂಡಿದ್ದು. ಅಲ್ಲಿಯವರೆಗೆ ನಮ್ಮ ನಮ್ಮ ವಿಷಯ ಮಾತ್ರ ನಮಗೆ ಕಾಣುತ್ತಿತ್ತು. ರೆಕಾರ್ಡಿಗೆ ಅದೇ ದಿನ, ಪ್ರಯೋಗಾಲಯದಲ್ಲೇ, ಕೊನೆಯ ಅರ್ಧ ಗಂಟೆಯಲ್ಲಿ ಸಹಿ ಎಂದು ನಿಯಮ ಮಾಡಿದೆ. ಪುಟಗಳು ಕಡಿಮೆಯಾದವು, 12.6ಗಳು ಮರಳಿ ಬಂದವು.

ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗ ಬಂದದ್ದು ಮಂಗಳವಾರವಲ್ಲ, ಗುರುವಾರ. ಅಂಗೈಯಲ್ಲಿ ಕುಡುಗೋಲಿನ ಬೊಬ್ಬೆ ಎದ್ದಿತ್ತು. ನಾಲ್ಕು ಅಸೈನ್‌ಮೆಂಟ್ ಬರೆದಿದ್ದ, ನನ್ನದು ಬರೆದಿರಲಿಲ್ಲ. ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂರಿಸಿ ಆ ಪಾಠದ ಮೂರು ಪ್ರಶ್ನೆ ಕೇಳಿದೆ. ಎರಡಕ್ಕೆ ಕನ್ನಡದಲ್ಲಿ ಸರಿಯಾಗಿ ಉತ್ತರ ಹೇಳಿದ. ಮೂರನೆಯದನ್ನು ಹಲಗೆಯ ಮೇಲೆ ಇಬ್ಬರೂ ಸೇರಿ ಬಿಡಿಸಿದೆವು, ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಅವನ ಹೆಸರಿನ ಮುಂದೆ ಅಂಕ ಬರೆದೆ.